ಮನೆಯ ಜೊತೆ ಒಬ್ಬರು

ಬೀಗದ ಕೈ ನಮ್ಮ ಕೈ ಸೇರಿದ ದಿನ, ಮನೆ ಮಾರಿದವರ ಸಾಮಾನೆಲ್ಲ ಲಾರಿ ಹತ್ತಿತು. ಬೀರು, ಮಂಚ, ರುಬ್ಬುವ ಕಲ್ಲು, ಬಚ್ಚಲಿನ ಹಂಡೆ, ಕೊನೆಗೆ ಹಿತ್ತಲಲ್ಲಿ ಒಣಗಲು ಹರವಿದ್ದ ಮೆಣಸಿನಕಾಯಿಯನ್ನೂ ಬಿಡದೆ ಚೀಲಕ್ಕೆ ತುಂಬಿ ಹತ್ತಿಸಿದರು. ಆಮೇಲೆ ಅಣ್ಣತಮ್ಮಂದಿರು, ಅವರ ಹೆಂಡತಿಯರು, ಮಕ್ಕಳು ಒಬ್ಬೊಬ್ಬರಾಗಿ ಹತ್ತಿ ಗಂಟುಗಳ ಮೇಲೆ ಕುಳಿತರು. ಒಬ್ಬ ಹೆಂಗಸು ಮಾತ್ರ ಹತ್ತಲಿಲ್ಲ. ಐವತ್ತರ ಆಸುಪಾಸಿನವಳು, ಜಗಲಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ದೊಡ್ಡಣ್ಣ ಲಾರಿಯ ಮೇಲಿನಿಂದಲೇ, "ಹಾಲವ್ವಾ, ಬರ್ತೀವಿ" ಅಂದ. ಅವಳು ಸುಲಿಯುವುದನ್ನು ನಿಲ್ಲಿಸದೆ, "ಹೂಂ, ಹುಷಾರು. ಆ ಹಂಡೆ ಉರುಳ್ತೈತೆ ನೋಡು, ಹಗ್ಗ ಬಿಗಿ" ಅಂದಳು. ಲಾರಿ ಕೆರೆಯ ದಂಡೆ ಹಿಡಿದು ಹೋಗಿ ಹೊಂಗೆ ಮರಗಳ ತಿರುವಿನಲ್ಲಿ ಮರೆಯಾಯಿತು.

ಸಂಜೆಯ ಬಸ್ಸಿಗೆ ಹೋಗುವವಳಿರಬೇಕು ಎಂದುಕೊಂಡು ನಾನು ಒಳಗೆ ಹೋದೆ. ನನ್ನ ಖುಷಿ ನನಗೆ. ಮದುವೆಯಾದಂದಿನಿಂದ ಬಾಡಿಗೆ ಮನೆಗಳಲ್ಲೇ ಬದುಕಿದವರು ನಾವು. ಗೋಡೆಗೆ ಮೊಳೆ ಹೊಡೆಯಬೇಡಿ, ಮಗು ಓಡಾಡಿದರೆ ಕೆಳಗೆ ಸದ್ದಾಗುತ್ತೆ, ನೀರು ಇಷ್ಟೇ ಹಿಡಿಯಿರಿ ಎಂಬ ಮಾತುಗಳನ್ನು ಕೇಳಿ ಕೇಳಿ ಸಾಕಾಗಿತ್ತು. ಈ ಮನೆಯ ಅಡುಗೆಮನೆಯ ಕಿಟಕಿ ತೆಗೆದರೆ ಕೆರೆ. ಮನೆಯಿಂದ ಇಳಿದ ಕಲ್ಲು ಮೆಟ್ಟಿಲು ನೇರ ನೀರಿಗೇ ಹೋಗುತ್ತಿತ್ತು. ನನ್ನ ಮಗಳು ತನು ಕೋಣೆಯಿಂದ ಕೋಣೆಗೆ ಓಡುತ್ತ ಕೂಗಿ ಕೂಗಿ ತನ್ನ ದನಿಯ ಮಾರ್ದನಿ ಕೇಳುತ್ತಿದ್ದಳು. ನನ್ನ ಗಂಡ ಉಮಾಪತಿ ಸುತ್ತಿಗೆ ಹುಡುಕುತ್ತಿದ್ದರು.

ಆ ಹೆಂಗಸು ಸುಲಿದ ಅವರೆಕಾಳನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ನನ್ನ ಪಾತ್ರೆಗಳ ಗಂಟು ಬಿಚ್ಚಿ, ಒಂದು ಬೋಗುಣಿ ಆರಿಸಿ, ನೀರು ಹಾಕಿ ಒಲೆಯ ಮೇಲಿಟ್ಟಳು. ನಾನು ನೋಡುತ್ತಲೇ ನಿಂತೆ.

"ನಿಮ್ಮ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದೆ.

"ಯಾವ ಬಸ್ಸು?"

"ಮತ್ತೆ ನೀವು ಊರಿಗೆ..."

"ನಾನು ಇದೇ ಮನೆಯೋಳು ಕಣಮ್ಮ" ಅಂದಳು ಅವಳು. "ಮನೆ ಜೊತೆ ಇರೋಳು. ನಿಮ್ಮ ಯಜಮಾನ್ರು ಹೇಳಿಲ್ವಾ?"

ನಾನು ತಿರುಗಿ ನೋಡಿದೆ. ನಡುಮನೆಯಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಉಮಾಪತಿ ಗೋಡೆಗೆ ಮುಖ ಮಾಡಿ ನಿಂತಿದ್ದರು, ಬಾಯಲ್ಲಿ ಮೊಳೆ.

ಅವರಿಗೆ ಗೊತ್ತಿತ್ತು. ಮನೆ ತೋರಿಸಿದ ದಲ್ಲಾಳಿ ಮೊದಲ ದಿನವೇ ಹೇಳಿದ್ದನಂತೆ. ಈ ಊರಲ್ಲಿ ಮನೆ ಕೈ ಬದಲಾಯಿಸಿದಾಗ ಬಿಟ್ಟು ಹೋಗುವವರಲ್ಲಿ ಒಬ್ಬರು ಉಳಿಯುತ್ತಾರೆ. ಮುಂದೆ ಕೊಂಡವರು ಮಾರಿದರೆ, ಅವರಲ್ಲೊಬ್ಬರು ಉಳಿಯುತ್ತಾರೆ, ಮೊದಲು ಉಳಿದವರು ಬಿಡುಗಡೆಯಾಗುತ್ತಾರೆ. "ನಿನಗೆ ಹೇಳಿದ್ದರೆ ಬೇಡ ಅಂತಿದ್ದೆ. ಇಂಥ ಮನೆ ನಮಗೆ ಇನ್ನೆಲ್ಲಿ ಸಿಕ್ತಿತ್ತು ದಾಕ್ಷಾಯಿಣಿ? ಆಯಮ್ಮ ಒಂದು ಮೂಲೇಲಿ ಇರ್ತಾಳೆ. ಏನು ತೊಂದರೆ?" ಅಂದರು. ನನಗೆ ಕೋಪಕ್ಕಿಂತ ಮೊದಲು ಬಂದದ್ದು ಒಂದು ಬಗೆಯ ದಿಗಿಲು. ಇಷ್ಟು ವರ್ಷ ಜೊತೆಗಿದ್ದ ಮನುಷ್ಯ ಒಬ್ಬ ಹೆಂಗಸನ್ನು ಮನೆಯ ಸಮೇತ ಕೊಂಡುಕೊಂಡು, ಅದನ್ನು ನನಗೆ ಹೇಳದೆ ಗೃಹಪ್ರವೇಶಕ್ಕೆ ಮಾವಿನ ಸೊಪ್ಪು ತಂದಿದ್ದರು.

ಮಾರನೆಯ ಬೆಳಗ್ಗೆ ಹಾಲು ತರಲು ಹೋದಾಗ ದಾರಿಯಲ್ಲಿ ಹೊನ್ನಪ್ಪನ ಚಹದ ಅಂಗಡಿ. ನಗುಮುಖದ, ಬಿಳಿ ಮೀಸೆಯ ಮನುಷ್ಯ. ನನ್ನನ್ನು ನೋಡಿದವನೇ, "ಹೊಸಬರಲ್ವಾ? ಕೆರೆಮುಂದಿನ ಮನೆ. ನಿಮ್ಮನೇಲಿ ಯಾರು ಉಳಿದ್ರು?" ಅಂದ. ನಲ್ಲಿಯಲ್ಲಿ ನೀರು ಬಂತಾ ಎಂದು ಕೇಳುವಷ್ಟೇ ಸಲೀಸಾಗಿ.

"ಹಾಲಮ್ಮ ಅಂತ" ಅಂದೆ.

"ಓ, ಹಾಲವ್ವನೇ ಉಳಿದ್ಳಾ! ಒಳ್ಳೇದಾಯ್ತು ಬಿಡ್ರಿ. ಕೈ ಶುದ್ಧ, ಬಾಯಿ ಸ್ವಲ್ಪ ಜೋರು. ಆ ಹಿಂದಿನ ಬೀದಿಯೋರ ಮನೇಲಿ ಒಬ್ಬ ಹುಡುಗ ಉಳಿದಿದಾನೆ, ದಿನಾ ರೇಡಿಯೋ ಕಿರುಚಿಸ್ತಾನೆ. ನಿಮಗೆ ಅಂಥ ತ್ರಾಸಿಲ್ಲ."

"ನೀವು?" ಎಂದು ಕೇಳಿದೆ.

"ನಾನೂ ಉಳಿದೋನೇ. ಅಗೋ, ಆ ಹಸಿರು ಬಾಗಿಲಿನ ಮನೆ. ನಮ್ಮೋಳು, ಮಕ್ಕಳು ಪೇಟೆ ಕಡೆ ಹೋದ್ರು. ಯಾರಾದ್ರೂ ಒಬ್ರು ಇರಬೇಕಿತ್ತಲ್ಲ" ಎಂದು ನಕ್ಕು, ಬಟ್ಟೆಯ ಸೋಸಣಿಗೆಯನ್ನು ಹಿಂಡಿದ. "ಆ ಮನೆ ಆಮೇಲೆ ಯಾರೂ ಮಾರಲಿಲ್ಲ. ಕೊಂಡೋರು ಒಳ್ಳೆ ಜನ. ಊಟಕ್ಕೆ ಕರೀತಾರೆ."

ಆ ಊರಲ್ಲಿ ಬಹುಪಾಲು ಮನೆಗೊಬ್ಬರು ಹಾಗೆ ಉಳಿದವರಿದ್ದರು. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಮದುವೆಗೆ ಕರೆಯಲು ಬಂದವರು "ಉಳಿದೋರನ್ನೂ ಕರ್ಕೊಂಡು ಬರ್ರಿ" ಎಂದು ಕುಂಕುಮ ಕೊಡುತ್ತಿದ್ದರು. ಮದುವೆಯ ಮನೆಯಲ್ಲಿ ಮೊದಲ ಪಂಕ್ತಿ ಅವರದೇ. ಮಕ್ಕಳು ಅವರನ್ನು ಮನೆಯಕ್ಕ, ಮನೆಯಜ್ಜ ಎಂದು ಕರೆಯುತ್ತಿದ್ದರು. ಪಕ್ಕದ ಮನೆಯಲ್ಲಿ ಉಳಿದಿದ್ದ ಸಿದ್ಲಿಂಗವ್ವ ಎಂಬಾಕೆ, ಹೊಸ ಯಜಮಾನಿಗಿಂತ ಜೋರಾಗಿ ಆ ಮನೆಯ ಸೊಸೆಯರನ್ನು ಗದರುತ್ತಿದ್ದಳು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ನನ್ನ ಮುಖ ನೋಡಿ ಅವರಿಗೆ ನಗು.

ಸುಮ್ಮನಿರಲು ನನ್ನಿಂದಾಗಲಿಲ್ಲ. ಹಾಲಮ್ಮನ ದೊಡ್ಡಣ್ಣ ಇರುವ ಊರು ದೂರದ್ದೇನಲ್ಲ. ಉಮಾಪತಿ ಪಂಪ್‌ಸೆಟ್ಟಿನ ಕಂಪನಿಯ ಕೆಲಸದ ಮೇಲೆ ತಿರುಗಾಟಕ್ಕೆ ಹೋಗಿದ್ದಾಗ ಆಟೋ ಕರೆಸಿ, "ಹಾಲಕ್ಕ, ಏಳಿ, ನಾನೇ ನಿಮ್ಮನ್ನ ಬಿಟ್ಟು ಬರ್ತೀನಿ. ಅವರ ಮುಖಕ್ಕೇ ಕೇಳ್ತೀನಿ" ಅಂದೆ.

"ಸುಮ್ನೆ ಯಾಕೆ?" ಅಂದಳು. ಆದರೂ ಸೀರೆ ಬದಲಾಯಿಸಿ, ತಲೆ ಬಾಚಿ, ನನ್ನ ಪಕ್ಕ ಹತ್ತಿ ಕುಳಿತಳು. ಅಣ್ಣನ ಮಕ್ಕಳಿಗೆಂದು ಒಂದು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಹಿಡಿದುಕೊಂಡಿದ್ದಳು. ದಾರಿಯುದ್ದಕ್ಕೂ ಅವಳು ದೊಡ್ಡತ್ತಿಗೆಯ ಮಂಡಿ ನೋವಿನ ವಿಷಯ ಹೇಳುತ್ತಿದ್ದಳು. ಹೊಂಗೆ ಮರಗಳ ಹತ್ತಿರ ಆಟೋ ತಿರುಗಿತು. ನಾನು "ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಪಕ್ಕಕ್ಕೆ ತಿರುಗಿದರೆ ಸೀಟು ಖಾಲಿ.

ನಾನು ಕಿರುಚಿದ್ದು ಕೇಳಿ ಆಟೋದವನು ನಿಲ್ಲಿಸಿದ. ಅವನು ಇಳಿದು ಹುಡುಕಲಿಲ್ಲ. "ವಾಪಸ್ ಹೋಗಾಣಾ?" ಎಂದಷ್ಟೇ ಕೇಳಿದ. ಮನೆಗೆ ಬಂದು ನೋಡಿದರೆ ಹಾಲಮ್ಮ ಅದೇ ಒಳ್ಳೆಯ ಸೀರೆಯಲ್ಲಿ ಅಡುಗೆಮನೆಯಲ್ಲಿ ಕುಳಿತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಮಿಠಾಯಿಯ ಡಬ್ಬಿ ಪಕ್ಕದಲ್ಲಿತ್ತು. ಅವಳು ಎದ್ದು ನೀರು ಕೊಟ್ಟಳು.

"ನಾನೂ ಮೊದಮೊದಲು ನಡೆದು ನೋಡಿದೆ ತಂಗಿ. ತಿರುವು ದಾಟಿದೆ ಅನ್ನೋದ್ರೊಳಗೆ ಇಲ್ಲೇ ಇರ್ತೀನಿ. ನೋವೇನಾಗಲ್ಲ. ಹೆದರಬೇಡ" ಅಂದಳು. ಹೆದರಿದ್ದು ನಾನು, ಸಮಾಧಾನ ಹೇಳಿದ್ದು ಅವಳು.

ಆಮೇಲಿನ ದಿನಗಳು ಹೇಗೋ ಹೊಂದಿಕೊಂಡವು. ಒಂದು ಅಡುಗೆಮನೆಯಲ್ಲಿ ಇಬ್ಬರು ಹೆಂಗಸರೆಂದರೆ ಜಗಳ ಇದ್ದದ್ದೇ. ನಾನು ಉಪ್ಪಿನ ಭರಣಿಯನ್ನು ಒಲೆಯ ಎಡಕ್ಕೆ ಇಟ್ಟರೆ ಅವಳು ಬಲಕ್ಕೆ ಸರಿಸುತ್ತಿದ್ದಳು. ನಾನು ಸಾರಿಗೆ ಬೆಲ್ಲ ಹಾಕಿದರೆ ಅವಳು ಮುಖ ಸಿಂಡರಿಸಿಕೊಂಡು ಉಣ್ಣುತ್ತಿದ್ದಳು. ನಾನು ರವಿಕೆ ಹೊಲಿಯುವಾಗ ಎದುರಿಗೆ ಕುಳಿತು ಹುಕ್ಕು ಹಾಕಿಕೊಡುತ್ತಿದ್ದಳು. ತನುಗಂತೂ ಅವಳಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಮಂಡಕ್ಕಿ ಎಸೆದು ಮೀನುಗಳನ್ನು ಹೆಸರಿಟ್ಟು ಕರೆಯುವುದನ್ನು ಅವಳಿಗೆ ಕಲಿಸಿದವಳು ಹಾಲಕ್ಕನೇ. ಅವಳು ಸಿಟ್ಟಾದರೆ "ನಾಳೆ ನೀವು ಮಾರಿ ಹೋಗ್ರಿ, ನಾನು ಹಾಯಾಗಿ ಬಸ್ ಹತ್ತುತೀನಿ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಮಾರುವ ಮಾತು ನಮ್ಮ ಮನಸ್ಸಿನಲ್ಲಿರಲಿಲ್ಲ.

ಚಳಿ ಶುರುವಾಗಿ ಕೆರೆಯ ಮೇಲೆ ಮಂಜು ನಿಲ್ಲತೊಡಗಿದಾಗ ತನುಗೆ ಉಬ್ಬಸ ಬಂತು. ಮೊದಲು ಕೆಮ್ಮು ಅಂದುಕೊಂಡೆವು. ಆಮೇಲೆ ಅವಳ ಪಕ್ಕೆ ಒಳಕ್ಕೆ ಸೆಳೆದುಕೊಳ್ಳುವುದನ್ನೂ, ತುಟಿ ಕಪ್ಪಾಗುವುದನ್ನೂ ನೋಡಿ ನನಗೆ ಜೀವವೇ ಬಾಯಿಗೆ ಬಂತು. ತಾಲೂಕಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಮನೆ ಎಲ್ಲಿ ಎಂದರು. ಹೇಳಿದೆ. "ನೀರಿನಿಂದ ದೂರ ಹೋಗಿ. ಔಷಧಿ ಕೊಡ್ತೀನಿ, ಆದರೆ ಈ ಥಂಡಿ ಗಾಳಿಯಲ್ಲಿ ಇಟ್ಟುಕೊಂಡು ಔಷಧಿ ಕೊಟ್ಟು ಪ್ರಯೋಜನ ಇಲ್ಲ" ಅಂದರು.

ಮನೆ ಮಾರಾಟಕ್ಕಿದೆ ಎಂದದ್ದೇ ತಡ, ಮೀನು ಮರಿ ಸಾಕುವ ಗಂಡ ಹೆಂಡತಿ ಬಂದು ಒಪ್ಪಿಕೊಂಡು ಹೋದರು. ಆ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಉಮಾಪತಿ ಅನ್ನ ಕಲೆಸುತ್ತ, "ನೀನು ಇಲ್ಲಿರು. ತನುನ ನಾನು ಕರ್ಕೊಂಡು ಹೋಗ್ತೀನಿ. ಅಕ್ಕನ ಮನೇಲಿ ಇರ್ತಾಳೆ" ಅಂದರು.

ನನಗೆ ಅರ್ಥವೇ ಆಗಲಿಲ್ಲ. "ಎಲ್ಲಿರಲಿ?"

"ಇಲ್ಲೇ. ಮನೇಲಿ. ಒಬ್ಬರು ಇರಬೇಕಲ್ಲ. ನನಗೆ ತಿರುಗಾಟದ ಕೆಲಸ, ನಾನಿಲ್ಲಿ ಕೂತರೆ ಊಟಕ್ಕೇನು ಮಾಡೋದು? ನೀನು ಹೊಲಿಗೆ ಎಲ್ಲಿದ್ದರೂ ಮಾಡಬಹುದು. ತಿಂಗಳಿಗೊಂದು ಸಲ ಮಗುನ ಕರ್ಕೊಂಡು ಬರ್ತೀನಿ. ಈ ಜನ ಮಾರಿದ ದಿನ ನೀನೂ ಬರ್ತೀಯಲ್ಲ." ಇಷ್ಟು ಹೇಳಿ, "ಮಜ್ಜಿಗೆ ಇದೆಯಾ?" ಎಂದು ಕೇಳಿದರು.

ನಾನು ಎದ್ದು ಮಜ್ಜಿಗೆ ತಂದು ಬಡಿಸಿದೆ. ಕೈ ತನ್ನ ಪಾಡಿಗೆ ಬಡಿಸಿತು. ಉಬ್ಬಸದ ಮಗುವನ್ನು ಅಮ್ಮನಿಂದ ಬಿಡಿಸಿ ಒಯ್ಯುವ ಮಾತನ್ನು ಅವರು ಮೊದಲೇ ಕೂಡಿ ಕಳೆದು ಮುಗಿಸಿದ್ದರು. ನನ್ನನ್ನು ಕೇಳಿರಲಿಲ್ಲ, ತಿಳಿಸಿದ್ದರು ಅಷ್ಟೆ.

ಹಾಲಮ್ಮ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅವಳಿಗೆ ಎಲ್ಲ ಕೇಳಿಸಿತ್ತು. ತನುವಿನ ಲಂಗವನ್ನು ಹಿಂಡಿ ಬಕೆಟ್ಟಿಗೆ ಹಾಕಿ, "ನನ್ನ ಮುಖ ನೋಡಬೇಡ ತಂಗಿ. ನಾನು ಹೋಗ್ತೀನಿ" ಅಂದಳು. "ಹಾಲಕ್ಕನಿಗೆ ರೂಢಿಯಾಗೈತೆ, ಅವಳೇ ಇರ್ತೀನಿ ಅಂತಾಳೆ ಅಂದ್ಕೊಂಡಿದ್ರೆ ಆ ಆಸೆ ಬಿಡು. ನನಗೆ ಒಂದು ಸಲ ಸಂತೆಗೆ ಹೋಗಬೇಕು. ಯಾವುದಾದರೂ ಊರ ಸಂತೆ. ನನ್ನ ಪಾಡಿಗೆ ನಾನು ಬಳೆ ಆರಿಸಬೇಕು."

ನಾನು ಹಾಗೆ ಅಂದುಕೊಂಡಿರಲಿಲ್ಲ ಎಂದು ಹೇಳಲು ಹೋದೆ. ಬದಲಿಗೆ, "ನಿನ್ನನ್ನ ಅವತ್ತು ಹೇಗೆ ಒಪ್ಪಿಸಿದರು ಹಾಲಕ್ಕ?" ಎಂದು ಕೇಳಿದೆ.

"ಒಪ್ಪಿಸೋದೇನು? ನಡುಮನೇಲಿ ಎಲ್ರೂ ಕೂತಿದ್ರು. ದೊಡ್ಡಣ್ಣ ಅಂದ, ಹಾಲವ್ವಂಗೆ ಗಂಡ ಮಕ್ಕಳಿಲ್ಲ, ಅವಳಿದ್ರೆ ಯಾರಿಗೂ ತೊಂದರೆ ಇಲ್ಲ ಅಂತ. ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಎದ್ದು ಹೋಗಿ ಸಾರು ಕುದೀತೈತಾ ಅಂತ ನೋಡಿದೆ." ಅವಳು ನೀರನ್ನು ನೋಡಿದಳು. "ಊಹೂಂ ಅಂದಿದ್ರೆ ಏನಾಗ್ತಿತ್ತೋ. ಇಲ್ಲಿ ಯಾರೂ ಅಂದು ನೋಡಿಲ್ಲ."

ಆ ಮಾತು ನನ್ನನ್ನು ಹಿಡಿದುಕೊಂಡಿತು. ನಾನು ಊರಲ್ಲಿ ಕೇಳುತ್ತ ಹೋದೆ. ಯಾರೂ ಉಳಿಯದಿದ್ದರೆ ಏನಾಗುತ್ತದೆ? ಸಿದ್ಲಿಂಗವ್ವ ಬಾಯಿಗೆ ಸೆರಗು ಹಿಡಿದಳು. "ಬಿಡ್ತು ಅನ್ನು! ಕೆರೆ ತಾನೇ ಆರಿಸ್ಕೊಳ್ತದೆ. ಅದು ಆರಿಸಿದ್ರೆ ಚಿಕ್ಕವರನ್ನೇ. ಮನೇಲಿ ಎಲ್ಲಕ್ಕಿಂತ ಚಿಕ್ಕ ಜೀವ ಯಾವುದೋ ಅದನ್ನ." "ನೀವು ನೋಡಿದೀರಾ?" ಎಂದೆ. ಅವಳು ನೋಡಿರಲಿಲ್ಲ, ಹೊನ್ನಪ್ಪನಿಗೆ ಗೊತ್ತು ಅಂದಳು. ಹೊನ್ನಪ್ಪ, ತಾನೂ ನೋಡಿಲ್ಲ, ಗಿರಣಿಯವನ ಅಜ್ಜ ಹೇಳುತ್ತಿದ್ದ ಅಂದ. ಗಿರಣಿಯವನು, ಅಜ್ಜ ಹಾಗೆ ಹೇಳಿದ್ದೇ ಇಲ್ಲ, ಇದು ಸಿದ್ಲಿಂಗವ್ವನ ಬಾಯಲ್ಲಿ ಕೇಳಿದ್ದು ಎಂದ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಂತೆ. ಕಂಡವರು ಒಬ್ಬರೂ ಇರಲಿಲ್ಲ. ಹೆದರದವರೂ ಒಬ್ಬರಿರಲಿಲ್ಲ, ನನ್ನನ್ನೂ ಸೇರಿಸಿ.

ಉಮಾಪತಿಯವರಿಗೆ, "ನೀವೇ ಇರಿ" ಎಂದು ಒಂದು ಸಲ ಹೇಳಿ ನೋಡಿದೆ. "ಹುಚ್ಚು ಹುಚ್ಚಾಗಿ ಮಾತಾಡಬೇಡ" ಅಂದರು. ಮನೆ ಕೊಡುವ ದಿನ ಹತ್ತಿರವಾದಂತೆ ಅವರು ನನ್ನ ಜೊತೆ ಬಹಳ ಮೃದುವಾದರು. ನನ್ನ ಹೊಲಿಗೆ ಯಂತ್ರವನ್ನು ತಾವೇ ಒರೆಸಿ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ಇಟ್ಟುಕೊಟ್ಟರು. ಕಟುಕ ಕುರಿಯ ತಲೆ ಸವರುವುದನ್ನು ನಾನು ನೋಡಿದ್ದೆ.

ಆ ಬೆಳಗ್ಗೆ ಮಂಜು ಕರಗಿ ಬಿಸಿಲು ಏರಿದ ಮೇಲೆ ಲಾರಿ ಬಂತು. ಕೊಂಡವರು ಹಣ್ಣು ಹೂವಿನ ತಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಸಿದ್ಲಿಂಗವ್ವ, ಹೊನ್ನಪ್ಪ, ಆ ಕಡೆ ಈ ಕಡೆಯ ಮನೆಯವರು ಬಂದಿದ್ದರು. ಅದು ಅಲ್ಲಿಯ ಪದ್ಧತಿ, ಉಳಿಯುವವರಿಗೆ ಒಂದು ಸೀರೆಯೋ ಪಂಚೆಯೋ ಉಡುಗೊರೆ ಕೊಡುತ್ತಾರೆ. ಸಿದ್ಲಿಂಗವ್ವನ ಕೈಯಲ್ಲಿ ನನಗೆಂದು ತಂದ ನೀಲಿ ಸೀರೆ ಇತ್ತು. ಸಾಮಾನು ಹತ್ತಿ ಮುಗಿಯಿತು. ಹೊಲಿಗೆ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ. ನಾನು ಹೋಗಿ ಅದನ್ನು ಎತ್ತಿಕೊಂಡು ಬಂದು ಲಾರಿಯವನ ಕೈಗೆ ಕೊಟ್ಟೆ.

"ಅದ್ಯಾಕೆ?" ಅಂದರು ಉಮಾಪತಿ.

"ನಾನು ಇರಲ್ಲ" ಅಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸಿದ್ಲಿಂಗವ್ವ ಮುಂದೆ ಬಂದು, "ತಾಯೀ, ಮಗು ಐತೆ, ಮಗು!" ಎಂದು ಕೈ ಮುಗಿದಳು. "ನಾನು ಈ ಮನೇಲಿ ಇರಲ್ಲ. ಯಾರು ಏನೇ ಹೇಳಿದ್ರೂ ಇರಲ್ಲ" ಎಂದು ಇನ್ನೊಮ್ಮೆ ಹೇಳಿದೆ. ಹೇಳುತ್ತಿದ್ದಂತೆ ತನುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡೆ. ಏನು ನಡೆಯುತ್ತಿದೆ ಎಂದು ತಿಳಿಯದ ಮಗು ನನ್ನ ಕುತ್ತಿಗೆ ತಬ್ಬಿ, "ನಾನೂ ಇರಲ್ಲ" ಅಂದಳು.

ಎಲ್ಲರ ಕಣ್ಣು ಉಮಾಪತಿಯ ಕಡೆ ತಿರುಗಿತು. ಹೊನ್ನಪ್ಪ ಮೆಲ್ಲಗೆ, "ಸ್ವಾಮೇರ, ಮಗೂಗೋಸ್ಕರನಾದ್ರೂ ನೀವು..." ಅಂದ. ನಾನೂ ಅವರ ಮುಖವನ್ನೇ ನೋಡುತ್ತಿದ್ದೆ. ಇರ್ತೀನಿ ಅಂದಿದ್ದರೆ ನಾನು ಅಲ್ಲೇ ಕುಸಿದು, ಬೇಡ, ಎಲ್ಲರೂ ಹೋಗೋಣ ಎನ್ನುತ್ತಿದ್ದೆನೋ ಏನೋ. ಇರಲ್ಲ ಅಂದಿದ್ದರೂ ಅದು ಒಂದು ಮಾತಾಗುತ್ತಿತ್ತು. ಅವರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಲಾರಿಯ ಹಗ್ಗ ಎಳೆದು ನೋಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೋಗಿ ಬಾಗಿಲು ತೆಗೆದು, ನಮ್ಮನ್ನು ಹತ್ತಿಸಿ, ತಾವು ಕೊನೆಗೆ ಹತ್ತಿ ಕುಳಿತರು.

ಡ್ರೈವರನ ಪಕ್ಕ ಹಾಲಮ್ಮ, ಆಮೇಲೆ ತನುವನ್ನು ತೊಡೆಯ ಮೇಲಿಟ್ಟುಕೊಂಡ ನಾನು, ಬಾಗಿಲ ಕಡೆ ಉಮಾಪತಿ. ನಾನು ಸೆರಗಿನಿಂದ ಮಗುವನ್ನು ನನ್ನ ಹೊಟ್ಟೆಗೆ ಬಿಗಿದು ಗಂಟು ಹಾಕಿದೆ. ಗಂಟು ಹಾಕಿದರೆ ಏನು ಪ್ರಯೋಜನ ಎಂದು ಗೊತ್ತಿದ್ದೂ ಹಾಕಿದೆ. ಕೆರೆ ಕಿಟಕಿಯ ಆಚೆ ನಮ್ಮ ಜೊತೆಗೇ ಬರುತ್ತಿತ್ತು. ಒಂದು ಹರಿಗೋಲು ನಿಂತಿತ್ತು, ಕೊಕ್ಕರೆಗಳಿದ್ದವು, ಯಾವ ದಿನದ ಹಾಗೆಯೋ ಹಾಗೆಯೇ. ಹೊಂಗೆ ಮರಗಳು ಹತ್ತಿರ ಬಂದಾಗ ಹಾಲಮ್ಮ ಕಣ್ಣು ಮುಚ್ಚಿ ನನ್ನ ಮೊಣಕೈ ಹಿಡಿದುಕೊಂಡಳು. ಅವಳ ಉಗುರು ನನ್ನ ಚರ್ಮಕ್ಕೆ ಇಳಿಯಿತು. ನಾನು ತನುವಿನ ನೆತ್ತಿಯ ಮೇಲೆ ಬಾಯಿ ಒತ್ತಿ ಅವಳ ಕೂದಲಿನ ವಾಸನೆ ಹಿಡಿದುಕೊಂಡೆ. ಲಾರಿ ತಿರುಗಿತು.

ಕೂದಲಿನ ವಾಸನೆ ಹಾಗೇ ಇತ್ತು. ಎದೆಯ ಸುಂಯ್ ಸುಂಯ್ ಹಾಗೇ ಕೇಳುತ್ತಿತ್ತು. "ಬಿಡು ಅಮ್ಮ, ಉಸಿರು ಕಟ್ಟುತ್ತೆ" ಅಂದಳು ತನು. ಮೊಣಕೈಯ ಮೇಲೆ ಉಗುರುಗಳೂ ಹಾಗೇ ಇದ್ದವು. ಹಾಲಮ್ಮ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಎದುರಿಗೆ ಜೋಳದ ಹೊಲಗಳು, ಕರೆಂಟಿನ ಕಂಬಗಳು. "ಯವ್ವಾ, ಇದನ್ನ ಯಾವಾಗ ಟಾರು ಮಾಡಿದ್ರು?" ಎಂದು ರಸ್ತೆಯನ್ನು ನೋಡಿ ಜೋರಾಗಿ ಅಳತೊಡಗಿದಳು. ನಾನೂ ಅಳುತ್ತ ನಗುತ್ತ, "ನೋಡಿದ್ರಾ, ಏನೂ ಆಗಲಿಲ್ಲ!" ಎಂದು ಎಡಕ್ಕೆ ತಿರುಗಿದೆ.

ಬಾಗಿಲ ಪಕ್ಕದ ಜಾಗ ಖಾಲಿಯಾಗಿತ್ತು.

ಸೀಟಿನ ಮೇಲೆ ಅವರು ಕುಳಿತ ತಗ್ಗು ಇನ್ನೂ ಮೇಲೆದ್ದಿರಲಿಲ್ಲ. ಬಾಗಿಲು ಭದ್ರವಾಗಿ ಮುಚ್ಚಿತ್ತು. ಡ್ರೈವರ್ ಬ್ರೇಕು ಒತ್ತಿದ. ತನು "ಅಪ್ಪ ಎಲ್ಲಿ?" ಅಂದಳು. ಗಂಟು ಬಿಚ್ಚಿ, ಮಗುವನ್ನು ಹಾಲಮ್ಮನ ತೊಡೆಗೆ ಹಾಕಿ, ಇಳಿದು ಬಂದ ದಾರಿಯಲ್ಲೇ ಓಡಿದೆ. ದಾರಿ ನನ್ನನ್ನು ತಡೆಯಲಿಲ್ಲ.

ಅವರು ಜಗಲಿಯ ಮೇಲೆ ಕುಳಿತಿದ್ದರು. ಕೊಂಡವರ ಹೆಂಗಸು ಗಲಿಬಿಲಿಯಲ್ಲಿ ಹಣ್ಣಿನ ತಟ್ಟೆಯನ್ನು ಅವರ ಪಕ್ಕ ಇಟ್ಟಿದ್ದಳು. ಊರಿನವರೆಲ್ಲ ಅಂಗಳದಲ್ಲೇ ಇದ್ದರು. ಉಮಾಪತಿ ನನ್ನನ್ನು ನೋಡಿದ ನೋಟವನ್ನು ನಾನು ಮೊದಲು ಕಂಡಿರಲಿಲ್ಲ. ದಾರಿ ತಪ್ಪಿದ ಮಗುವಿನ ಹಾಗೆ.

"ನಾನು ಒಪ್ಪಲೇ ಇಲ್ಲವಲ್ಲ ದಾಕ್ಷಾಯಿಣಿ. ನಾನು ಹೂಂ ಅನ್ನಲೇ ಇಲ್ಲವಲ್ಲ" ಅಂದರು.

"ಇಲ್ಲ ಅಂತಲೂ ಅನ್ನಲಿಲ್ಲ ನೀವು."

"ಈಗ ಅಂತೀನಿ. ನಾನು ಇರಲ್ಲ. ಕೇಳಿಸ್ತಾ? ನಾನು ಇರಲ್ಲ!" ಎದ್ದು ನಿಂತು ಕೆರೆಯ ಕಡೆ ಮುಖ ಮಾಡಿ ಕೂಗಿದರು. ನಾನು ಅವರ ಕೈ ಹಿಡಿದು ದರದರ ಎಳೆದುಕೊಂಡು ನಡೆದೆ. ನನ್ನನ್ನು ಬಿಟ್ಟು ಹೋಗಲು ಸಿದ್ಧವಾಗಿದ್ದ ಕೈ ಅದು ಎಂಬುದು ಆಗ ನೆನಪಿಗೆ ಬರಲಿಲ್ಲ. ಹೊಂಗೆ ಮರಗಳ ತಿರುವಿನಲ್ಲಿ ನನ್ನ ಮುಷ್ಟಿ ಇದ್ದಕ್ಕಿದ್ದಂತೆ ತನ್ನೊಳಗೆ ತಾನೇ ಮುಚ್ಚಿಕೊಂಡಿತು. ಹಿಂದಿರುಗಿ ನೋಡಿದರೆ ಅವರು ದೂರದಲ್ಲಿ ಅದೇ ಜಗಲಿಯ ಮೇಲೆ. ಮತ್ತೆ ಹೋದೆ, ಮತ್ತೆ ಎಳೆದೆ, ಮತ್ತೆ ಅದೇ. ಕೊನೆಗೆ ಅವರೇ, "ಸಾಕು, ಮಗು ಕಾಯ್ತಿದೆ. ಬಿಸಿಲು ಏರಿತು" ಅಂದರು. ಆಮೇಲೆ, "ಕರ್ಕೊಂಡು ಬರ್ತೀಯಲ್ಲ?" ಎಂದು ಕೇಳಿದರು. ಬರ್ತೀನಿ ಅಂದೆ. ಆ ಕ್ಷಣದಲ್ಲಿ ಅದು ನಿಜವೂ ಆಗಿತ್ತು. ಸಿದ್ಲಿಂಗವ್ವ ಆ ನೀಲಿ ಸೀರೆಯನ್ನು ಏನು ಮಾಡಬೇಕೆಂದು ತಿಳಿಯದೆ ಎದೆಗೆ ಅವುಚಿಕೊಂಡು ನಿಂತಿದ್ದಳು.

ನಾನು ಒಬ್ಬಳೇ ವಾಪಸು ಹೊರಟಾಗ ಹೊನ್ನಪ್ಪ ಹಿಂದೆ ಬಂದ. ಅಂಗಡಿಯ ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು, ಅವನು ಅತ್ತ ನೋಡಲಿಲ್ಲ. ಮುಖದಲ್ಲಿ ಎಂದಿನ ನಗು ಇರಲಿಲ್ಲ. ಅದಿಲ್ಲದೆ ಅವನು ಯಾರೋ ಬೇರೆ ಮನುಷ್ಯನಂತೆ ಕಂಡ.

"ತಂಗೀ, ಅಷ್ಟೇನಾ? ನೀನು ಅಂದೆಯಲ್ಲ, ಅಷ್ಟು ಅಂದಿದ್ರೆ ಸಾಕಿತ್ತಾ?"

"ಗೊತ್ತಿಲ್ಲ ಹೊನ್ನಪ್ಪಣ್ಣ."

"ನಮ್ಮೋಳು ಅವತ್ತು ನನ್ನ ಕೇಳಿದ್ಲು. ನೀವೇನಂತೀರಿ ಅಂತ. ಬಾಯಿ ಬಿಟ್ಟು ಕೇಳಿದ್ಲು. ನಾನು ನಗ್ತಾ ಕೂತಿದ್ದೆ." ಅವನು ಹಸಿರು ಬಾಗಿಲಿನ ಕಡೆ ನೋಡಿದ. "ಹಿರಿಯೋನು ನಾನು, ಏನು ಮಾತಾಡೋದು ಅಂತ ನಗ್ತಾ ಕೂತಿದ್ದೆ."

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ನಡುರಸ್ತೆಯಲ್ಲಿ ನಿಂತು, "ನಾನು ಇರಲ್ಲ" ಅಂದ. ಯಾರನ್ನೋ ನೋಯಿಸಬಾರದೆಂಬಂತೆ ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ನಡಿ, ಲಾರಿವರೆಗೂ ಬಿಟ್ಟು ಬರ್ತೀನಿ. ನಿನ್ನ ಜೊತೆ ಮಾತಾಡ್ಕೊಂಡು ಹೋದ್ರೆ ದಾಟಿದ್ದೇ ಗೊತ್ತಾಗಲ್ವೇನೋ" ಅಂದ.

ಇಬ್ಬರೂ ನಡೆದೆವು. ಅವನು ತನ್ನ ಮಕ್ಕಳ ಹೆಸರು ಹೇಳಿದ, ಕಿರಿಯವಳು ಈಗ ಎಷ್ಟು ಎತ್ತರ ಇರಬಹುದು ಎಂದು ಕೈಯಿಂದ ತೋರಿಸಿದ, ಅವಳಿಗೆ ಚಹದ ಕೆನೆ ಎಂದರೆ ಪ್ರಾಣ ಎಂದ. ನಾನು ಹೂಂಗುಡುತ್ತಿದ್ದೆ. ಹೊಂಗೆ ಮರಗಳ ನೆರಳು ನಮ್ಮ ಕಾಲ ಮೇಲೆ ಬಿತ್ತು. ಅವನ ಚಪ್ಪಲಿಯ ಸದ್ದೂ ನನ್ನ ಚಪ್ಪಲಿಯ ಸದ್ದೂ ಜೊತೆಯಾಗಿ ಕೇಳುತ್ತಿತ್ತು. ಮುಂದೆ ಲಾರಿಯ ಕಿಟಕಿಯಿಂದ ತನು ಕೈ ಬೀಸುತ್ತಿದ್ದಳು. ನಾನು ಅವಳನ್ನೇ ನೋಡುತ್ತ ತಿರುವು ದಾಟಿದೆ. ಆಮೇಲೆ ಒಂದೇ ಜೊತೆ ಚಪ್ಪಲಿಯ ಸದ್ದು ಕೇಳಿಸಿತು. ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ.